ದಳಪತಿಯ ಅಳತೆ

ತಳಂಗರೆಗೆ ಇಳಿಯುವ ದಾರಿಯಲ್ಲಿ ನನ್ನ ಅಂಗಡಿ.
ಬೆಲೆಪಟ್ಟಿಯ ಪಕ್ಕ, ಗಾಜಿನೊಳಗೆ, ಜರ್ಮನಿಯ ಒಬ್ಬ ದಳಪತಿ:
ಗೋಟ್‌ಹಾರ್ಡ್ ಫಾನ್ ಎಲ್ಸ್‌ಬಾಹ್.
ಹೆಸರು ನಾಲಿಗೆಗೆ ಹತ್ತದ ಗಿರಾಕಿಗಳಿಗೆ ಬರೀ ಮೀಸೆಮಾವ.
ಟೊಪ್ಪಿಗೆ ಕಸೂತಿ ಹಾಕುವ ಅದ್ದುಂಞಿ ಮೊದಲ ದಿನವೇ ಕೇಳಿದ್ದ,
‘ಇದು ನಿಮ್ಮ ಇಗರ್ಜಿಯ ಸಂತರಾ?’
ನಮ್ಮ ಸಭೆಯಲ್ಲಿ ಸಂತರಿಲ್ಲ ಮಾರಾಯ,
ಇದ್ದರೂ ಅವರಿಗೆ ಇಷ್ಟೊಂದು ಗುಂಡಿ ಇರುವುದಿಲ್ಲ.

ಹದಿನಾಲ್ಕರ ಯುದ್ಧದಲ್ಲಿ ಪಾದ್ರಿಯನ್ನು ಸರಕಾರ ಹಿಡಿದೊಯ್ಯುವಾಗ
ಎಲ್ಯಾಜರ್ ಅಜ್ಜನ ಕೈಗೆ ಬಂದ ಹನ್ನೊಂದು ಚಿತ್ರ,
ತಾಮ್ರದಚ್ಚಿನವು. ಒಬ್ಬನದೇ ಬದುಕು, ತೊಟ್ಟಿಲಿನಿಂದ ಪೆಟ್ಟಿಗೆಯ ತನಕ.
‘ನಮ್ಮ ಮನೆತನದ ಹಿರಿಯ’ ಅಂದರಂತೆ ಪಾದ್ರಿ,
ಹೆಮ್ಮೆಯೋ ನಾಚಿಕೆಯೋ ಅಜ್ಜನಿಗೆ ಗೊತ್ತಾಗಲಿಲ್ಲ.
ಕೆಳಗೆ ಮುಳ್ಳುಮುಳ್ಳಾದ ಜರ್ಮನ್ ಅಕ್ಷರ,
ಅದರ ಕೆಳಗೆ ಸೀಸದಕಡ್ಡಿಯಲ್ಲಿ ಅಜ್ಜನ ಕನ್ನಡ.

ಹುಟ್ಟಿದ್ದು ಸೋರುವ ಕೋಟೆಯಲ್ಲಿ, ಐದನೆಯವನಾಗಿ.
ಕೋಟೆ ದೊಡ್ಡಣ್ಣನಿಗೆ, ಕುದುರೆ ಇನ್ನೊಬ್ಬನಿಗೆ, ಮಠ ಮತ್ತೊಬ್ಬನಿಗೆ,
ಬೆಳ್ಳಿ ತಟ್ಟೆಯೆಲ್ಲ ಅಕ್ಕನ ಮದುವೆಗೆ.
ಇವನಿಗೆ ಅಪ್ಪನ ಕತ್ತಿ. ಒರೆ ಮಾತ್ರ ಬೇರೆ ಯಾರದೋ,
ಚಿತ್ರದಲ್ಲೂ ಅದು ಸಡಿಲವೇ.
ಒಬ್ಬ ದೊರೆಗೆ ಏಳು ವರ್ಷ ದುಡಿದ,
ಆ ದೊರೆಯ ವೈರಿಗೆ ಹನ್ನೆರಡು.
ಮೂರನೆಯ ಚಿತ್ರಕ್ಕೂ ಐದನೆಯದಕ್ಕೂ ನಡುಪಟ್ಟಿಯೊಂದೇ ಬೇರೆ:
‘ಕೆಂಪು’ ಎಂದು ಅಜ್ಜ ಅಲ್ಲಿ ಬರೆದಿದ್ದಾರೆ, ಇಲ್ಲಿ ‘ನೀಲಿ’.
ಕೋಟು ಅದೇ. ಮೊಣಕೈಯ ತೇಪೆ ಅದೇ.
ನಿಷ್ಠೆ ಬದಲಿಸಲು ಎರಡು ಗಜ ಬಟ್ಟೆ ಸಾಕು,
ಇದು ನನ್ನ ಲೆಕ್ಕ, ಪಾದ್ರಿಯದಲ್ಲ.

ಆರನೆಯದನ್ನು ನಾನು ಯಾರಿಗೂ ತೋರಿಸುವುದಿಲ್ಲ.
ಹೊಳೆ, ಸೇತುವೆ, ಹೊಳೆಯಾಚೆ ಒಂದು ಪೇಟೆ,
ಮಾಡುಗಳ ಮೇಲೆ ಉಣ್ಣೆಯಂತೆ ಹಿಂಜಿದ ಹೊಗೆ.
‘ಪೇಟೆಯನ್ನು ಶಾಂತಗೊಳಿಸಿದನು’ ಎಂದು ಬರೆದು
ಅಜ್ಜ ಅದನ್ನು ಹೊಡೆದುಹಾಕಿದ್ದಾರೆ.
ಮತ್ತೆ ಬರೆದು, ಉಜ್ಜಿ, ಕಾಗದ ಅಲ್ಲಿ ತೆಳ್ಳಗಾಗಿದೆ;
ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ.
ಕೊನೆಗೆ ಉಳಿದದ್ದು ಒಂದೇ ಪದ:
ಸುಟ್ಟನು.

ಆಮೇಲೆ ಅಜ್ಜ ಕಣ್ಣೂರಿನ ಮಗ್ಗದಲ್ಲಿ ಖಾಕಿ ನೇಯ್ದರು.
ಅದನ್ನು ತೊಟ್ಟವರು ಪಾದ್ರಿಯ ಊರಿನ ಹುಡುಗರಿಗೆ
ಗುಂಡು ಹೊಡೆದರಾ ಅಜ್ಜ, ಎಂದು ಕೇಳಿದ್ದೆ, ಸಣ್ಣವನು.
‘ನೂಲಿಗೆ ಎಂತ ಗೊತ್ತುಂಟು’ ಅಂದರು.
ಆ ರಾತ್ರಿ ಗಂಜಿ ಮುಟ್ಟಲಿಲ್ಲ.

ಸತ್ತದ್ದು ರಣದಲ್ಲಲ್ಲ. ದವಡೆಹಲ್ಲು ಕೀವಾಗಿ,
ಮೂರು ದಿನ ನರಳಿ, ಹಾಸಿಗೆಯಲ್ಲಿ.
ಗೋಡೆಗೆ ಹಾಕಿದ್ದು ಅದಕ್ಕೂ ಮೊದಲಿನದು, ಹತ್ತನೆಯದು:
ಕೊರಳಿಗೆ ಜಾಲರಿ ಪಟ್ಟಿ, ಎದೆಗೆ ಪದಕ,
ಕೆಳಗೆ ‘ತನ್ನ ಕೋಟೆಯಲ್ಲಿ ಸುಖವಾಗಿದ್ದನು’.
ನಲವತ್ತು ವರ್ಷ ಎದುರೆದುರು ಕೂತಿದ್ದೇವೆ ನಾವು.
ಗುಂಡಿಗಳನ್ನು ಎರಡು ಬೆರಳು ಒಳಗೆ ಸರಿಸಿ ಹೊಲಿದಿದ್ದಾರೆ,
ಹಳೆಯ ತೂತುಗಳನ್ನು ಕೆತ್ತಿದವನು ಬಿಟ್ಟಿಲ್ಲ;
ಅವನೂ ದರ್ಜಿಯ ಮಗನಿರಬೇಕು.
ಎಡಭುಜ ಅರ್ಧ ಇಂಚು ಮೇಲೆ.
ಹಿಂದಿನಿಂದ ಯಾರೋ ಕರೆದಾರೆಂದು ಕಾಯುವವರಿಗೆ ಹಾಗಾಗುತ್ತದೆ,
ಸಾಲ ಮಾಡಿದವರಲ್ಲೂ ನೋಡಿದ್ದೇನೆ.
ಹತ್ತಿ ತುಂಬಿ ಅದನ್ನು ಮುಚ್ಚಬಹುದಿತ್ತು.
ಅವನ ದರ್ಜಿ ಮುಚ್ಚಲಿಲ್ಲ. ಯಾಕೋ.

ನಿನ್ನೆ ಎನ್‌ಸಿಸಿ ಉಡುಪಿಗೆಂದು ಒಬ್ಬ ಹುಡುಗ ಬಂದ,
ಕನ್ನಡ ಮೀಡಿಯಮಿನವ, ಕ್ಲಾಸಿನಲ್ಲಿ ಒಂಬತ್ತೇ ಜನ.
ಮಾಸಿದ ಸೀಸದಕ್ಷರವನ್ನು ಕೂಡಿಸಿ ಕೂಡಿಸಿ ಓದಿದ,
‘ಸು-ಖ-ವಾ-ಗಿ’.
ಓದಬಲ್ಲವ ಬಂದನಲ್ಲ ಎಂದು ನನಗೆ ಒಳಗೊಳಗೇ ಖುಷಿ.
‘ಇವರು ಗೆದ್ದದ್ದಾ, ಸೋತದ್ದಾ?’
ಕೈ ಚಾಚು, ಅಂದೆ. ಉಸಿರು ಬಿಡು.
ಎದೆ ಇಪ್ಪತ್ತೆಂಟು, ತೋಳು ಹತ್ತೊಂಬತ್ತೂವರೆ.
ಭುಜ ಎರಡೂ ಸಮ, ಸದ್ಯಕ್ಕೆ.
ಅಂಚಿನಲ್ಲಿ ಒಂದಿಂಚು ಮಡಚಿ ಬಿಟ್ಟಿದ್ದೇನೆ, ಬೇಕಾಗುತ್ತದೆ.