ಸೋರಿಕೆ ಹುಡುಕುವವನ ಮಗಳು

ಪೋರ್ತು ನಗರದ ನೀರು ಇಲಾಖೆಯಲ್ಲಿ ಅವನಿಗೆ ರಾತ್ರಿ ಪಾಳಿ.
ಟ್ರಾಮು ಮಲಗಿದ ಮೇಲೆ ಬೀದಿಗೆ ಕಬ್ಬಿಣದ ಸಲಾಕೆ ಊರಿ
ಕಿವಿಯಿಟ್ಟು ಹೇಳಿಬಿಡುತ್ತಾನೆ ಅಬೀಲಿಯು:
ಇಲ್ಲಿ, ಈ ಕಲ್ಲಿನಡಿ, ಎರಡು ಮೊಳ ಕೆಳಗೆ.
ಬೆಳಗಾದರೆ ಅಗೆಯುತ್ತಾರೆ. ಸುಳ್ಳಾದದ್ದಿಲ್ಲ.

ಅಂಥವನ ಎದುರು ಡಾಕ್ಟರು,
ಜಸಿಂತಾಳ ಅಂಗಿ ಕೆಳಗೆಳೆಯುತ್ತ, ಹಗುರವಾಗಿ:
"ಬಡಿತದ ನಡುವೆ ಸಣ್ಣದೊಂದು ಸುಯ್ ಸದ್ದು.
ಮಕ್ಕಳಲ್ಲಿ ಎಷ್ಟೋ ಸಲ ತಾನಾಗಿ ಹೋಗುತ್ತದೆ.
ನವೆಂಬರಿನಲ್ಲಿ ಸ್ಕ್ಯಾನ್ ಮಾಡೋಣ."
ಆಗಿನ್ನೂ ಆಗಸ್ಟ್.
ಕೇಳಬೇಕೆಂದದ್ದೆಲ್ಲ ಮರೆತು ನಾನು
ಈಜು ಕಲಿಸಬಹುದೇ ಎಂದೆ. "ಧಾರಾಳವಾಗಿ."

ಅವನು ಏನೂ ಕೇಳಲಿಲ್ಲ.
ಬಸ್ಸಿನಲ್ಲಿ ಅವಳ ಶೂ ಲೇಸನ್ನು ಮೂರು ಸಲ ಕಟ್ಟಿದ.
ಸೋರಿಕೆ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ.

ನಸುಕಿಗೆ ಬಂದವನು ಬೂಟು ಕಳಚದೆ
ಅವಳ ಮಂಚದ ಪಕ್ಕ ಮೊಣಕಾಲೂರುತ್ತಾನೆ.
ನಾನು ನಿದ್ದೆ ನಟಿಸುತ್ತೇನೆ.
ಊರಿನ ಅಷ್ಟೂ ಕೊಳವೆಗಳ ಗುಟ್ಟು ಬಲ್ಲ ಕಿವಿ
ಗೇಣಗಲದ ಎದೆಯ ಮೇಲೆ ತಬ್ಬಿಬ್ಬು.
ಇಲ್ಲಿ ಅಗೆಯುವಂತಿಲ್ಲ,
ಸುಣ್ಣದ ಗುರುತು ಹಾಕುವಂತಿಲ್ಲ.

ನಿನ್ನೆ ಅವಳಿಗೆ ಎಚ್ಚರವಾಯಿತು.
"ಕಿವಿ ತಣ್ಣಗಿದೆ" ಎಂದು ತಳ್ಳಿ, ಎದ್ದು ಕೂತು,
ಅವನ ಜಾಕೆಟ್ಟಿನ ಗುಂಡಿ ಬಿಚ್ಚಿ ತಾನೇ ಕಿವಿಯಿಟ್ಟಳು.
ಬಹಳ ಹೊತ್ತು. ಹುಬ್ಬು ಗಂಟಿಕ್ಕಿ, ಥೇಟು ಅವನ ಹಾಗೆ.
"ಅಪ್ಪಾ, ನಿನ್ನೊಳಗೆ ಯಾರೋ ಓಡ್ತಿದ್ದಾರೆ."

ಅವನು ನಕ್ಕನೋ, ಇನ್ನೇನೋ, ಕತ್ತಲಲ್ಲಿ ತಿಳಿಯಲಿಲ್ಲ.
ಎದ್ದು ಹೋಗಿ ಹಾಲು ಕಾಯಿಸಿದೆ.
ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ, ತಿಂಗಳಿಂದ.
ಹೇಳುತ್ತಲೇ ಇದ್ದೇನೆ ಅವನಿಗೆ.