ಕೈ ತೆಗೆದದ್ದು

ಮುದರಂಗಡಿ ದಾಟಿ ಬಸ್ಸು ಗುಡ್ಡೆ ಹತ್ತುವಾಗ
ಗೇರುಹೂವಿನ ವಾಸನೆ, ಒಂಬತ್ತನೇ ತರಗತಿಯ ಗದ್ದಲ.
ಸಿಸ್ಟರ್ ಅಸುಂತಾ ಎರಡು ಸಲ ತಲೆ ಎಣಿಸಿದರು:
ಇವತ್ತು ನಾಯಕತ್ವ, ಎಲ್ಲರಿಗೂ.
ನಾಳೆ ವಿಶ್ವಾಸ,
ಇಗರ್ಜಿಯ ಹತ್ತೊಂಬತ್ತು ಮಂದಿಗೆ.

ಧ್ಯಾನಮಂದಿರದ ಗೋಡೆಗೆ ಚಾರ್ಟು ಅಂಟಿಸಿ
ಫಾದರ್ ವಲೇರಿಯನ್ ಕೇಳಿದರು, ನಾಯಕ ಅಂದರೆ ಯಾರು?
ಮುಂದೆ ನಡೆಯುವವ, ಅಂದ ಗ್ಲಾನಿಶ್.
ಹಿಂದೆ ನಿಂತು ಕಾಯುವವ, ಅಂದಳು ಪ್ರಣಮ್ಯಾ,
ಕಳೆದ ವರ್ಷದ ಯಾರದೋ ಭಾಷಣದಿಂದ ಕದ್ದು.
ಅಫ್ರೀನ ಏನೂ ಹೇಳಲಿಲ್ಲ.
ಪೆನ್ನಿನ ಮುಚ್ಚಳ ಕಚ್ಚುತ್ತ ನನ್ನ ಕಾಲಿಗೆ ಕಾಲು ತಾಗಿಸಿದಳು:
ಊಟ ಎಷ್ಟು ಹೊತ್ತಿಗೆ?

ಆಮೇಲೆ ಆ ಆಟ.
ಒಬ್ಬಳ ಕಣ್ಣಿಗೆ ಬಟ್ಟೆ, ಇನ್ನೊಬ್ಬಳ ಕೈ ಅವಳ ಹೆಗಲಿಗೆ.
ಮಾತಾಡುವಂತಿಲ್ಲ. ಗುಡ್ಡೆ ಇಳಿದು
ಕಲ್ಲುಕೋರೆಯ ಬೇಲಿಯವರೆಗೆ ಹೋಗಿ ವಾಪಸು.

ಮೊದಲು ನನ್ನ ಕಣ್ಣು ಕಟ್ಟಿದಳು.
ಬೇರು ಬಂದರೆ ಹೆಗಲು ಒಮ್ಮೆ ಒತ್ತುವಳು,
ತಗ್ಗು ಬಂದರೆ ಎರಡು ಸಲ.
ಕಣ್ಣು ಹೋದ ಅಜ್ಜನನ್ನು ದಿನಾ ಅಂಗಳ ದಾಟಿಸುವುದು ಅವಳೇ,
ಅವಳ ಬೆರಳಿಗೆ ನೆಲ ಬಾಯಿಪಾಠ.

ನನ್ನ ಸರದಿ. ಸ್ಕಾರ್ಫಿನ ಮೇಲೆಯೇ ಗಂಟು ಹಾಕಿದೆ.
ಬೇಲಿ ಹತ್ತಿರ ಬಂದಾಗ
ಕೈ ತೆಗೆದೆ.

ಸಿಟ್ಟಿರಲಿಲ್ಲ. ತಮಾಷೆಯೂ ಅಲ್ಲ.
ತೆಗೆದರೆ ಏನಾಗುತ್ತದೆ, ಅಷ್ಟೇ.
ಕೋರೆಯ ತಳದಲ್ಲಿ ಹಸಿರು ನೀರು,
ಬೇಲಿಯ ಒಂದು ತಂತಿ ಹರಿದು ಜೋತಿತ್ತು.
ಅವಳು ನಿಂತಳು. ಕರೆಯಲಿಲ್ಲ, ಕೈ ಚಾಚಲಿಲ್ಲ,
ಬಸ್ಸಿಗೆ ಕಾಯುವವರು ನಿಂತ ಹಾಗೆ.
ಹದಿನಾಲ್ಕರವರೆಗೆ ಎಣಿಸಿದೆ.
ಹದಿನೈದಕ್ಕೆ ಹೆಗಲು ಮುಟ್ಟಿದೆ.

ಸಂಜೆ ಅರ್ಧ ಖಾಲಿ ಬಸ್ಸು ಗುಡ್ಡೆ ಇಳಿಯಿತು.
ಕಿಟಕಿಯಿಂದ ಅವಳು:
ನನ್ನದೂ ಸೇರಿಸಿ ಪ್ರಾರ್ಥನೆ ಮಾಡು ಮಾರಾಯ್ತಿ,
ಗಣಿತದ ಪರೀಕ್ಷೆ ಉಂಟು.

ರಾತ್ರಿ ಎಂಟರಿಂದ ಮೌನ.
ಮೇಣದಬತ್ತಿ ಹಚ್ಚಿ ಸಿಸ್ಟರ್ ಲಕೋಟೆ ಹಂಚಿದರು,
ನಮಗೆ ಗೊತ್ತಿಲ್ಲದೆ ಮನೆಗಳಿಂದ ತರಿಸಿದ ಪತ್ರ.
ಗ್ಲಾನಿಶನ ಪಪ್ಪ ನಾಲ್ಕು ಪುಟ ಬರೆದಿದ್ದರು,
ಒಂದನೇ ಪುಟಕ್ಕೇ ಅವನು ಮೂಗು ಒರೆಸಿಕೊಂಡ.
ನನ್ನದು ಬೀಡಿ ಬ್ರಾಂಚಿನ ಚೀಟಿಯ ಹಿಂಬದಿ.
ಮಮ್ಮಿಗೆ ಬರೆಯಲು ಬರುವುದು ತನ್ನ ಹೆಸರೊಂದೇ,
ಉಳಿದ ಅಕ್ಷರ ರೈಟರು ಸಂಜೀವಣ್ಣನದು:
'ಮೆಲಿಟಾ, ಇವರು ನಗುತ್ತ ಬರೆಯುತ್ತಿದ್ದಾರೆ,
ಹಾಗಾಗಿ ಹೆಚ್ಚು ಹೇಳುವುದಿಲ್ಲ.
ಚಾದರ ಹೊದ್ದುಕೋ. ನಿನ್ನನ್ನು ನಂಬಿದ್ದೇನೆ.'
ಕೆಳಗೆ ಲೂಸಿ. ಲೂ ಮಾತ್ರ ಗೆರೆ ಬಿಟ್ಟು ಹಾರಿದೆ.
ಮುಂಬದಿಯಲ್ಲಿ: ಬೀಡಿ ಸಾವಿರ, ಹಾಳು ನಲವತ್ತು.

ಚಾದರ ಹೊದ್ದುಕೊಂಡೆ.
ನಂಬಿದ್ದೇನೆ ಎಂಬುದು ಮಗ್ಗುಲಲ್ಲಿ ಒತ್ತುತ್ತಿತ್ತು,
ಚಾಪೆಯಡಿ ಸಿಕ್ಕಿದ ಗೇರುಬೀಜದ ಹಾಗೆ.

ಬೆಳಿಗ್ಗೆ ಪಾಪನಿವೇದನೆ.
ತಮ್ಮನಿಗೆ ಹೊಡೆದದ್ದು, ಜಪಸರದ ನಡುವೆ ತೂಕಡಿಸಿದ್ದು,
ಪ್ರತಿ ಸಲದ ಅವೇ ಪಾಪಗಳನ್ನು ಮುಗಿಸಿ
ಹೇಳಿದೆ: ಕೈ ತೆಗೆದೆ.
ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು.
ಎಷ್ಟು ಹೊತ್ತು?
ಹದಿನಾಲ್ಕು.
ಹದಿನಾಲ್ಕು ಏನು?
ಗೊತ್ತಿಲ್ಲ ಫಾದರ್, ಎಣಿಸಿದ್ದು.
ಮೂರು ನಮೋ ಮರಿಯ ಹೇಳು, ಅಂದರು.
ಮತ್ತೆ, ಕೆಮ್ಮಿ:
ಅವಳ ಹತ್ತಿರವೂ ಹೇಳು. ಅದನ್ನು ಕ್ಷಮಿಸಬೇಕಾದವಳು ಅವಳೂ ಹೌದು.

ಸೋಮವಾರ ಮಧ್ಯಾಹ್ನ, ನಳ್ಳಿಯ ಹತ್ತಿರ,
ಬುತ್ತಿಪಾತ್ರೆ ತೊಳೆಯುತ್ತ ಹೇಳಿಬಿಟ್ಟೆ.
ಅವಳು ಮುಚ್ಚಳದ ರಬ್ಬರು ಬಿಚ್ಚಿ
ಒಳಗೆ ಸಿಕ್ಕಿದ್ದ ಅಗುಳು ತೆಗೆದಳು.
'ಗೊತ್ತುಂಟು. ನಿನ್ನ ಗಂಟು ಸಡಿಲ ಇತ್ತು.
ಕೆಳಗಿನ ಸಂದಿಯಲ್ಲಿ ನಿನ್ನ ಚಪ್ಪಲಿ ಕಾಣುತ್ತಿತ್ತು.
ಎಷ್ಟು ಹೊತ್ತು ಹಾಗೇ ನಿಲ್ಲುತ್ತೀ ನೋಡುವ ಅಂತ
ನಾನೂ ಎಣಿಸಿದೆ.'
ಎಷ್ಟು?
'ಒಂಬತ್ತರವರೆಗೆ.
ಆಮೇಲೆ ಕಣ್ಣು ಮುಚ್ಚಿಕೊಂಡೆ.'

ಬೆಲ್ಲು ಹೊಡೆಯಿತು.
ಯಾಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.
ನಳ್ಳಿ ತಿರುಗಿಸಿದೆ, ಇನ್ನೂ ಒಮ್ಮೆ ತಿರುಗಿಸಿದೆ.
ನಮ್ಮ ಶಾಲೆಯ ಆ ನಳ್ಳಿ
ಪೂರ್ತಿ ನಿಲ್ಲುವುದೇ ಇಲ್ಲ.