ಗಮ್‌ಬೂಟು

ಮಂಜುಗಡ್ಡೆಯ ಡಬ್ಬಿಯಲ್ಲಿ ಎರಡು ಸಾಲು.
ಎಡಕ್ಕೆ ಸ್ಥಳೀಯ, ಬಲಕ್ಕೆ ಹೊರಗಿನದು.
ಹಾಳೆಯಲ್ಲೂ ಹಾಗೇ, ನಡುವೆ ಒಂದು ಗೆರೆ,
ನಾನೇ ಸ್ಕೇಲಿಟ್ಟು ಎಳೆದದ್ದು.
ಈ ಕಡೆ ಗೆಂಡೆ, ಔಲು, ಮುಗುಡು, ಪಕ್ಕೆಗೆ ಚುಕ್ಕಿಯಿಟ್ಟ ಗೊಜಲೆ;
ಆ ಕಡೆ ಜಿಲೇಬಿ, ಆಫ್ರಿಕಾದ ಕ್ಯಾಟ್‌ಫಿಶ್ಶು,
ಮತ್ತೆ ಯಾರದೋ ಮನೆಯ ಗಾಜಿನ ತೊಟ್ಟಿಯಲ್ಲಿ
ಹಿಡಿಸದಷ್ಟು ಬೆಳೆದು ಹೊಳೆಗೆ ಬಿದ್ದ
ಒಂದೇ ಒಂದು ಸಕರ್ ಮೀನು.

ಬೆಳಗಿನ ಆರಕ್ಕೆ ಗಾಜನೂರಿನ ಹಿನ್ನೀರು
ಒಡೆದ ಹಾಲಿನ ಬಣ್ಣ.
ಪೋಲಯ್ಯನ ಹರಿಗೋಲು ಸುತ್ತುತ್ತ ಸುತ್ತುತ್ತ ಬಂತು,
ನೆಟ್ಟಗೆ ಬಂದದ್ದು ಎಂದೂ ಇಲ್ಲ.
ತಳದಲ್ಲಿ ಮೂವತ್ತು ಜಿಲೇಬಿ,
ಕಣ್ಣಿಗೆ ಮೋಡ, ಉಬ್ಬಿದ ಹೊಟ್ಟೆ, ಎದ್ದ ಹುರುಪೆ.
"ಸಾಯೋ ಮೊದಲೇ ತೇಲ್ತಾವೆ ಮೇಡಂ,
ಕೈ ಚಾಚಿದ್ರೆ ಕೈಗೇ ಬರ್ತಾವೆ.
ಮೀನು ಹಂಗೆ ಬರಬಾರದು."

ಆಮೇಲೆ ಕೇಳಿದ: ಯಾರು ಯಾರಿಗೆ ಕೊಟ್ಟದ್ದು ಇದನ್ನ?
ಜಿಲೇಬಿ ಗೆಂಡೆಗೋ, ಗೆಂಡೆ ಜಿಲೇಬಿಗೋ?

ನನಗೆ ಗೊತ್ತಿರುವುದು ಇಷ್ಟು.
ಅಕ್ಕಿಕಾಳಿನಷ್ಟು ಪಿತ್ತಕೋಶದ ಚೂರು,
ಅರೆದು, ಗಿರಗಿರ ತಿರುಗಿಸಿ,
ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ, ನಲವತ್ತು ಸುತ್ತು.
ಪರದೆಯ ಮೇಲೆ ಗೆರೆಯೊಂದು ಮಲಗಿಯೇ ಇರುತ್ತದೆ,
ಇಲ್ಲವೇ ಇಪ್ಪತ್ತೆರಡರ ಹೊತ್ತಿಗೆ ಹೆಡೆ ಎತ್ತುತ್ತದೆ.
ಎದ್ದರೆ ಉಂಟು. ಮಲಗಿದರೆ ಇಲ್ಲ.
ಎಲ್ಲಿಂದ ಬಂದೆ ಎಂದು ಕೇಳುವ ಬಟನ್ನು
ನಮ್ಮ ಯಂತ್ರದಲ್ಲಿಲ್ಲ.

ಅದಕ್ಕೆ ಬಾಯಿಲ್ಲ, ರೆಕ್ಕೆಯಿಲ್ಲ, ಊರಿಲ್ಲ.
ಜೀವವಿದೆಯೇ ಎಂದರೆ ಪುಸ್ತಕಗಳೇ ತೊದಲುತ್ತವೆ.
ಕಂಡವರ ಅಡುಗೆಮನೆ ಹೊಕ್ಕು
ಅವರದೇ ಒಲೆ, ಅವರದೇ ಸೌದೆ,
ತನ್ನನ್ನೇ ಬೇಯಿಸಿ ಸಾವಿರ ಎಲೆಗೆ ಬಡಿಸುವುದಷ್ಟೇ ಕೆಲಸ.

ವರದಿಯ ತಲೆಬರಹ ಸಾಹೇಬರು ಮೊದಲೇ ಟೈಪು ಮಾಡಿಸಿದ್ದರು:
'ಹೊರಗಿನ ಮೀನುಗಳಿಂದ ಹರಡುವ...'
ಆದರೆ ಗೆರೆ ಎದ್ದದ್ದು ಗೆಂಡೆಯಲ್ಲಿ.
ಗುಂಡುಗುಂಡಾದ, ಕಾಯಿಲೆಯ ಸುಳಿವೇ ಇಲ್ಲದ ಗೆಂಡೆಯಲ್ಲಿ.
ಎಷ್ಟು ಕಾಲದಿಂದಲೋ ಅಲ್ಲಿ ಬಿಡಾರ.
ಮೊದಲ ಕೆಂಪು ನೀರಿಗೆ ಹತ್ತುಮೀನು
ಗದ್ದೆಯ ಬದು ಹಾರುವಾಗ
ಇದೂ ಜೊತೆಗೆ ಹಾರಿರಬೇಕು, ಟಿಕೆಟ್ಟಿಲ್ಲದೆ,
ಕೂಣಿ ಇಟ್ಟು ಕಾದವರೆಲ್ಲರ ಕಣ್ಣೆದುರೇ.

"ಹಂಗಾರೆ ನಮ್ಮದೇ ಹೊಳೆದು," ಎಂದ ಪೋಲಯ್ಯ,
ಹೆಮ್ಮೆಯೋ ಬೇಸರವೋ ತಿಳಿಯಲಿಲ್ಲ.
ನಮ್ಮದೇ ಎಂದವನು
ಡ್ಯಾಮು ಎತ್ತರಿಸಿದ ವರ್ಷ ರಾಜಮಂಡ್ರಿಯ ಕಡೆಯಿಂದ
ಬಲೆ, ಹೆಂಡತಿ ಅಪ್ಪಲಮ್ಮ, ಒಂದು ಪಾತ್ರೆ ಹೊತ್ತು ಬಂದವನು.
"ನನ್ನ ಯಾವ ಕಡೆ ಬರೀತೀರ ಹಾಳೇಲಿ?"
ನಕ್ಕ. ನಾನೂ ನಕ್ಕೆ.
ಹಾಳೆ ಒದ್ದೆ, ಪೆನ್ನು ಹಿಡಿಯುತ್ತಿರಲಿಲ್ಲ.

ರಾತ್ರಿ ಲ್ಯಾಬಿನ ಬಾಗಿಲಲ್ಲಿ ಗಮ್‌ಬೂಟು ಕಳಚಿದೆ.
ಅಡಿಯ ಗೀರುಗಳಲ್ಲಿ ಕೆಸರು, ಮೂರು ಬಣ್ಣದ್ದು.
ಕಪ್ಪು, ಮಂಡಗದ್ದೆಯ ಹೊಂಡದ್ದು.
ಕೆಂಪು, ಉಂಬ್ಳೇಬೈಲಿನ ಕೆರೆದು.
ಮೇಲೆ ಹಸಿಹಸಿ ಬೂದಿ ಬಣ್ಣ, ಇವತ್ತಿಂದು.
ಈ ಬೇಸಿಗೆ ಕೆರೆಯಿಂದ ಹೊಳೆಗೆ, ಹೊಳೆಯಿಂದ ಕೆರೆಗೆ
ಯಾವ ಮೀನಿಗಿಂತ ಹೆಚ್ಚು ತಿರುಗಿದವಳು ನಾನು,
ಇಲಾಖೆಯ ಜೀಪಿನಲ್ಲಿ,
ಒದ್ದೆ ಬಲೆಯ ಸಮೇತ.

ಹತ್ತಿಕಡ್ಡಿಯಲ್ಲಿ ಕೆಸರು ತೀಡಿ ಕೊಳವೆಗೆ ಇಳಿಸಿದೆ.
ಚೀಟಿ ಅಂಟಿಸಲು ಹೋಗಿ ಕೈ ತಡೆಯಿತು.
ಎರಡೇ ಸಾಲು ಡಬ್ಬಿಯಲ್ಲಿ.
ಬರಿಯ ನಂಬರು ಬರೆದೆ.

ಫೋನು. ಪೋಲಯ್ಯ.
"ನಾಳೆ ಬಲೆ ಇಳಿಸಬೋದಾ ಮೇಡಂ?"
ಬಿಸಿಲಿಗೆ ಹಾಕು, ಮೂರು ದಿನ ಒಣಗಲಿ, ಎಂದೆ.
"ಬಲೆ ಒಣಗ್ತದೆ," ಎಂದ.
ಆಮೇಲೆ ಎರಡೂ ಕಡೆ ಮಾತಿಲ್ಲ,
ಅವನ ಕಡೆ ಕಪ್ಪೆ, ನನ್ನ ಕಡೆ ಯಂತ್ರದ ಗುಂಯ್.

ಹದಿನೇಳು.
ಹದಿನೆಂಟು.
ಬೂಟು ಬಾಗಿಲಾಚೆ, ಮೂಗು ಒಳಕ್ಕೆ ಚಾಚಿ ನಿಂತಿದೆ.
ಗೆರೆ ಇನ್ನೂ ಮಲಗಿದೆ.
ಹತ್ತೊಂಬತ್ತು.